ಭಾವಮೈದನ ಗಾಡಿಯಲ್ಲಿ ದಿಲ್ಲಿ ದರ್ಶನ

ದಿಲ್ಲಿಗೆ ಬಂದ ನೆಂಟರಿಗೆ ಊರು ತೋರಿಸುವುದು ಇಲ್ಲಿರುವ ಪ್ರತಿಯೊಬ್ಬ ಕನ್ನಡಿಗನ ಹಣೆಯಲ್ಲಿ ಬರೆದ ಕೆಲಸ. ಕೆಂಪುಕೋಟೆ, ಕುತುಬ್ ಮಿನಾರು, ಇಂಡಿಯಾ ಗೇಟು, ಬಿರ್ಲಾ ಮಂದಿರ, ಸಂಜೆಗೆ ಕರೋಲಬಾಗಿನಲ್ಲಿ ಒಂದಿಷ್ಟು ಖರೀದಿ — ಈ ಪಟ್ಟಿ ನಮಗೆಲ್ಲ ಬಾಯಿಪಾಠ. ಹನ್ನೊಂದು ವರ್ಷಗಳಿಂದ ಸರಕಾರಿ ಗುಮಾಸ್ತಿಕೆ ಮಾಡಿಕೊಂಡು, ರಾಮಕೃಷ್ಣಪುರದ ಬಿಡಾರದಿಂದ ಕಚೇರಿಗೆ, ಕಚೇರಿಯಿಂದ ಬಿಡಾರಕ್ಕೆ ಗಾಣದೆತ್ತಿನಂತೆ ಸುತ್ತುತ್ತ, ದಿಲ್ಲಿಯನ್ನು ಚೆನ್ನಾಗಿ ಬಲ್ಲೆವೆಂದೇ ನಾವೂ ನಂಬಿದ್ದೆವು. ಆ ನಂಬಿಕೆ ಸಡಿಲವಾದದ್ದು ನಮ್ಮ ಭಾವಮೈದನ ವ್ಯಾನಿನಲ್ಲಿ ಕುಳಿತ ಮೇಲೆ.

ಈ ವ್ಯಾನಿನ ವಿಷಯವನ್ನು ಸಂಘದ ಪತ್ರಿಕೆಯಲ್ಲಿ ಬರೆಯಬೇಕೇ ಬೇಡವೇ ಎಂದು ಮನೆಯಲ್ಲಿ ಎರಡು ದಿನ ಚರ್ಚೆಯಾಯಿತು. ಏಕೆಂದರೆ ಸಂಘದ ಮಿತ್ರರು "ನಿಮ್ಮ ಭಾವಮೈದ ಏನು ಮಾಡುತ್ತಾರೆ?" ಎಂದು ಕೇಳಿದಾಗಲೆಲ್ಲ "ಸ್ವಂತ ವ್ಯವಹಾರ, ಮೋಟಾರು ಲೈನು" ಎಂದು ಹೇಳಿ ನಾವು ಕಾಫಿಯ ಕಡೆಗೆ ತಿರುಗುತ್ತಿದ್ದೆವು. ರಾಣೆಬೆನ್ನೂರಿನಲ್ಲಿರುವ ನಮ್ಮ ಮಾವನವರಿಗೂ ಅದೇ ಉತ್ತರ. ಅವರು ಪ್ರಾಥಮಿಕ ಶಾಲೆಯ ಮುಖ್ಯೋಪಾಧ್ಯಾಯರಾಗಿ ನಿವೃತ್ತರಾದವರು. ಪ್ರಾರ್ಥನೆ ಮುಗಿದೊಡನೆ ಮಕ್ಕಳ ಉಗುರು ನೋಡದೆ ತರಗತಿಗೆ ಬಿಡದಿದ್ದವರು. ಅಂಥವರ ಮಗ ದಿಲ್ಲಿಯಲ್ಲಿ ಮನೆಮನೆಯ ಮುಂದೆ ನಿಂತು ಪರರ ಕಾರು ತೊಳೆಯುತ್ತಾನೆಂದು ಹೇಳಲು ನಮಗೆ ನಾಲಗೆ ಏಳಲಿಲ್ಲ. ನಾವು ಕೊಟ್ಟ ಉತ್ತರ ಸುಳ್ಳಲ್ಲ. ಆದರೆ ನಿಜವೆಂದೂ ಹೇಳುವಂತಿರಲಿಲ್ಲ.

ಹುಡುಗ ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ 2018ರಲ್ಲಿ ಇಲ್ಲಿಗೆ ಬಂದ. ಒಂದು ಮೋಟಾರು ವರ್ಕ್‌ಷಾಪಿನಲ್ಲಿ ಕೆಲಸ ಸಿಕ್ಕಿತು. 2020ರ ಮಾರ್ಚಿಯಲ್ಲಿ ದೇಶಕ್ಕೆಲ್ಲ ಬೀಗ ಬಿದ್ದಾಗ ಆ ಕೆಲಸಕ್ಕೂ ಬೀಗ ಬಿತ್ತು. ಒಂದು ವರ್ಷ ಅಲ್ಲಿ ಇಲ್ಲಿ ಅಲೆದು, 2021ರಲ್ಲಿ ಒಂದು ಹಳೆಯ ಮಾರುತಿ ಓಮ್ನಿ ವ್ಯಾನು ಕೊಂಡ. ಅದಕ್ಕಾಗಿ ನಮ್ಮಾಕೆಯ ಎರಡು ಬಳೆ ಬ್ಯಾಂಕಿಗೆ ಹೋದವು. ವ್ಯಾನಿನೊಳಗೆ 200 ಲೀಟರಿನ ನೀರಿನ ಟಾಕಿ, ನೀರನ್ನು ರಭಸದಿಂದ ಚಿಮ್ಮಿಸುವ ಪಂಪು, ಅದನ್ನು ನಡೆಸಲು ಬ್ಯಾಟರಿ, ಧೂಳು ಹೀರುವ ಯಂತ್ರ, ಬಕೀಟುಗಳು, ಬುಟ್ಟಿ ತುಂಬ ಬಟ್ಟೆ. ಮುನಿರ್ಕಾದ ಒಂದು ಕೋಣೆಯ ಬಾಡಿಗೆ ಬಿಡಾರದಿಂದ ಬೆಳಗಿನ ಐದು ಗಂಟೆಗೆ ಈ ಸಂಸಾರ ಹೊರಡುತ್ತದೆ. ಕರೆದವರ ಬಾಗಿಲಿಗೆ ಹೋಗಿ ಕಾರು ತೊಳೆದು, ಒರೆಸಿ, ಒಳಗೆ ಗುಡಿಸಿ, ಬೇಕೆಂದವರಿಗೆ ಮೇಣ ಹಚ್ಚಿ ಮಿರುಗಿಸಿ ಕೊಡುವುದು. ಇದಕ್ಕೆ ಡಿಟೇಲಿಂಗ್ ಎಂದು ಹೆಸರು.

ತೊಳೆಯುವುದರಲ್ಲಿ ವಿದ್ಯೆಯೇನು ಬಂತು ಎಂದು ನಾವೂ ಮೊದಲು ಅಂದುಕೊಂಡಿದ್ದೆವು. 2023ರ ಹೋಳಿಗೆ ಅವನ ಸಹಾಯಕ ಬಿಹಾರದ ತನ್ನ ಹಳ್ಳಿಗೆ ಹೋದ. ಹಬ್ಬದ ಮರುವಾರವೆಂದರೆ ಬಣ್ಣ ಬಿದ್ದ ಕಾರುಗಳ ಸಾಲು. ಕೈ ಸಾಲದೆ ಹುಡುಗ ಭಾನುವಾರ ಬೆಳಿಗ್ಗೆ ನಮ್ಮ ಬಾಗಿಲು ಬಡಿದ. ಸರಕಾರಿ ನೌಕರರ 1964ರ ನಡತೆ ನಿಯಮಗಳು ನಮ್ಮಂಥವರು ವ್ಯಾಪಾರ ಮಾಡುವುದಕ್ಕೆ ಅಡ್ಡಿ ಬರುತ್ತವೆ. ನೆಂಟನ ಪಕ್ಕದಲ್ಲಿ ಕುಳಿತು ಊರು ನೋಡುವುದಕ್ಕೆ ಅಡ್ಡಿಯಿಲ್ಲ. ನೋಡುತ್ತ ನಾಲ್ಕು ಬಕೀಟು ಎತ್ತಿಕೊಟ್ಟೆವು. ಒಂದು ಲೋಟ ಚಹದ ಹೊರತು ಸಂಭಾವನೆ ಪಡೆಯಲಿಲ್ಲವೆಂಬುದನ್ನು ಇಲ್ಲಿಯೇ ದಾಖಲೆ ಮಾಡಿಬಿಡುತ್ತೇವೆ.

ಆ ದಿನ ಕಲಿತದ್ದು ಇಷ್ಟು. ಮೊದಲು ಬಟ್ಟೆಯನ್ನು ಮುಟ್ಟಲೇಬಾರದು. ನೀರು ಚಿಮ್ಮಿಸಿ ಮರಳನ್ನು ಇಳಿಸಬೇಕು. ಮರಳಿನ ಮೇಲೆ ಬಟ್ಟೆ ಎಳೆದರೆ ಅದು ಒರೆಸುವುದಲ್ಲ, ಗೀರುವುದು. ಮೇಲಿನಿಂದ ಕೆಳಕ್ಕೆ ತೊಳೆಯಬೇಕು. ಚಕ್ರದ ಬಟ್ಟೆ ಮೈಗೆ ತಾಗಬಾರದು. ಒಂದು ಬಕೀಟಿನಲ್ಲಿ ಸಾಬೂನು, ಇನ್ನೊಂದರಲ್ಲಿ ಬಟ್ಟೆ ಜಾಲಿಸಲು ಬರೀ ನೀರು. ನೆಲಕ್ಕೆ ಬಿದ್ದ ಬಟ್ಟೆಯನ್ನು ಆ ದಿನ ಮತ್ತೆ ಬಳಸುವಂತಿಲ್ಲ. ಬಿಸಿಲಿನಲ್ಲಿ ಕಾದ ಲೋಹದ ಮೇಲೆ ಸಾಬೂನು ಒಣಗಬಾರದು. ನಮ್ಮ ಕೈಯಿಂದ ಬಟ್ಟೆ ಎರಡು ಸಲ ಬಿತ್ತು. ಎರಡು ಸಲವೂ ಅವನು ಮಾತಾಡದೆ ಅದನ್ನು ಹಳೆಯ ಚೀಲಕ್ಕೆ ಹಾಕಿ ಹೊಸದನ್ನು ಕೊಟ್ಟ. ತಂದೆಯ ಮಗನೇ ಸರಿ ಎಂದುಕೊಂಡೆವು.

ಅಂದು ಮಧ್ಯಾಹ್ನ ಹಿಂದಿರುಗುವಾಗ ದಾರಿಯ ಬೂರುಗದ ಮರದಡಿ ಒಂದು ಬಿಳಿಯ ಕಾರು ನಿಂತಿತ್ತು. ಎಲೆಯಿಲ್ಲದ ಕೊಂಬೆಗಳ ತುಂಬ ಕೆಂಪು ಹೂ. ಅಂಗೈಯಗಲದ ದಪ್ಪ ಹೂಗಳು ದಪ್ಪೆಂದು ಬಿದ್ದು ಕಾರಿನ ನೆತ್ತಿಯೆಲ್ಲ ಲೋಳೆಯಾಗಿತ್ತು. "ಭಾವ, ಹೋಳಿಯ ಬಣ್ಣ ಒಂದು ವಾರ. ಇದು ಮಾರ್ಚಿ ತಿಂಗಳಿಡೀ" ಎಂದ. ಹನ್ನೊಂದು ವಸಂತ ದಿಲ್ಲಿಯಲ್ಲಿ ಕಳೆದ ನಾವು ಈ ಮರವನ್ನು ಕತ್ತೆತ್ತಿ ನೋಡಿರಲಿಲ್ಲ. ಅವನು ಕತ್ತು ಬಗ್ಗಿಸಿ, ಕಾರಿನ ಮೇಲೆ ನೋಡಿ ತಿಳಿದುಕೊಂಡಿದ್ದ.

ಆ ಮೇಲೆ ತಿಂಗಳಿಗೊಂದೆರಡು ಭಾನುವಾರ ಅವನೊಡನೆ ಹೊರಡುವುದು ರೂಢಿಯಾಯಿತು. ನಮ್ಮಾಕೆಯೂ ಮಕ್ಕಳೂ ಕೆಲವು ಸಲ ಬಂದರು. ಹೊಸದಿಲ್ಲಿಯನ್ನು ಕಟ್ಟುವಾಗ ಒಂದೊಂದು ರಸ್ತೆಗೆ ಒಂದೊಂದು ಜಾತಿಯ ಮರವನ್ನು ಆರಿಸಿ ನೆಟ್ಟರೆಂದು ಪುಸ್ತಕದಲ್ಲಿ ಓದಿದ್ದೆವು. ಅಕ್ಬರ್ ರಸ್ತೆಗೆ ಹುಣಸೆ, ಜನಪಥಕ್ಕೆ ಹೊಳೆಮತ್ತಿ, 2022ರಿಂದ ಕರ್ತವ್ಯಪಥವೆನಿಸಿಕೊಂಡ ರಾಜಪಥಕ್ಕೆ ನೇರಳೆ. ಹುಡುಗನಿಗೆ ಆ ಪುಸ್ತಕ ಗೊತ್ತಿಲ್ಲ. ಆದರೆ ಕಾರಿನ ಕಲೆ ನೋಡಿ ಅದು ಎಲ್ಲಿ ನಿಂತಿತ್ತೆಂದು ಹೇಳಬಲ್ಲ. ಮಳೆಗಾಲದ ಮೊದಲಲ್ಲಿ ನೇರಳೆ ಹಣ್ಣಾಗುತ್ತದೆ. ಹಣ್ಣು ಬಿದ್ದದ್ದು ಒಂದು ಕಲೆ. ಹಣ್ಣು ತಿಂದ ಹಕ್ಕಿ ಬಿಟ್ಟದ್ದು ಇನ್ನೊಂದು ಕಲೆ. ಎರಡೂ ನೇರಳೆ ಬಣ್ಣವೇ. ಎರಡನೆಯದು ಬಿಸಿಲಿಗೆ ಒಣಗಿದರೆ ಬಣ್ಣವನ್ನೇ ತಿನ್ನುತ್ತದೆ. ಒದ್ದೆ ಬಟ್ಟೆ ಹೊದಿಸಿ ಐದು ನಿಮಿಷ ನೆನೆಯಲು ಬಿಟ್ಟು ಎತ್ತಬೇಕೇ ಹೊರತು ಉಗುರಿನಿಂದ ಕೆರೆಯಬಾರದು. ಕಾರುಳ್ಳ ವಾಚಕರು ಇದನ್ನು ನೆನಪಿಡಬೇಕು.

ಆ ವರ್ಷದ ಮಳೆಗಾಲವನ್ನು ದಿಲ್ಲಿಯವರು ಮರೆಯುವಂತಿಲ್ಲ. 2023ರ ಜುಲೈ 13ರಂದು ಹಳೆಯ ರೈಲು ಸೇತುವೆಯ ಬಳಿ ಯಮುನೆ 208.66 ಮೀಟರಿಗೇರಿತು. ಅದಕ್ಕೆ ಹಿಂದೆ ಅತಿ ಹೆಚ್ಚೆಂದರೆ 1978ರ 207.49. ಕಾಶ್ಮೀರಿ ಗೇಟಿನ ಬಳಿಯ ರಿಂಗ್ ರೋಡು ಹೊಳೆಯಾಯಿತು. ನೀರು ಕೆಂಪುಕೋಟೆಯ ಬೆನ್ನಿಗೆ ಬಂದು ನಿಂತಿತು. ಊರಿನ ಅರ್ಧ ನೀರಿನಲ್ಲಿದ್ದಾಗ ವಜೀರಾಬಾದ್, ಚಂದ್ರಾವಲ್, ಓಖ್ಲಾ ಶುದ್ಧೀಕರಣ ಕೇಂದ್ರಗಳು ನಿಂತು ನಲ್ಲಿಗಳಲ್ಲಿ ನೀರು ಬರದೆ ಹೋಯಿತು.

ಹತ್ತು ದಿನದ ಮೇಲೆ ಸಿವಿಲ್ ಲೈನ್ಸಿನಿಂದ ಕರೆ ಬಂತು. ನಮಗೆ ಆ ಕಡೆ ಬೇರೊಂದು ಕಾರಣಕ್ಕೆ ಆಸಕ್ತಿ: 1912ರಲ್ಲಿ ಕಟ್ಟಿದ ಹಳೆಯ ಸೆಕ್ರೆಟೇರಿಯಟ್ ಅಲ್ಲಿದೆ, ಇಂದು ದಿಲ್ಲಿಯ ವಿಧಾನಸಭೆ ಅಲ್ಲಿಯೇ ಕೂಡುತ್ತದೆ. ರೈಸಿನಾ ಗುಡ್ಡದ ಮೇಲೆ ಹೊಸ ಕಟ್ಟಡಗಳು ಏಳುವವರೆಗೆ ನಮ್ಮ ಪೂರ್ವಿಕ ಗುಮಾಸ್ತರು ಕಡತ ಹೊತ್ತು ತಿರುಗಿದ ಸ್ಥಳವದು. ಆದರೆ ಅಂದು ಅದನ್ನು ನೋಡುವ ಮನಸ್ಸಾಗಲಿಲ್ಲ. ಕೆಳಗಿನ ಬೀದಿಗಳಲ್ಲಿ ಮನೆಗಳ ಮುಂದೆ ಹಾಸಿಗೆ, ಪುಸ್ತಕ, ಮಕ್ಕಳ ಆಟಿಕೆ ಎಲ್ಲವೂ ಕೆಸರು ಬಣ್ಣವಾಗಿ ಒಣಗಲು ಬಿದ್ದಿದ್ದವು. ಕಾರುಗಳ ಒಳಗೆ ಸೀಟಿನ ಅರ್ಧದವರೆಗೆ ಗೆರೆ ಎಳೆದಂತೆ ನೀರಿನ ಗುರುತು. ಬಾಗಿಲು ತೆರೆದರೆ ಹಳೆಯ ಬಾವಿಯ ವಾಸನೆ.

ಮೊದಲ ಮನೆಯ ಮುದುಕರು ಕೀಲಿಕೈ ಹಿಡಿದು ಎಂಜಿನ್ ಶುರುಮಾಡಿ ನೋಡಲು ಹೊರಟಿದ್ದರು. ಹುಡುಗ ಓಡಿಹೋಗಿ ಕೈ ಹಿಡಿದ. ಎಂಜಿನಿನೊಳಗೆ ನೀರು ನಿಂತಿದ್ದರೆ ಪಿಸ್ಟನ್ನು ಅದನ್ನು ಒತ್ತಲಾರದೆ ಕಬ್ಬಿಣವೇ ಬಾಗುತ್ತದಂತೆ. ಅದು ಮೆಕ್ಯಾನಿಕ್ಕು ಬಿಚ್ಚಿ ನೋಡಬೇಕಾದ ಕೆಲಸ. ನಮ್ಮದು ಒಳಗಿನ ಕೆಲಸ. ಬ್ಯಾಟರಿಯ ತಂತಿ ಬಿಡಿಸಿ, ಸೀಟುಗಳನ್ನು ಕಳಚಿ, ಕೆಳಗಿನ ರತ್ನಗಂಬಳಿಯನ್ನು ಎತ್ತಿದೆವು. ಬೆರಳು ಗಾತ್ರದ ಸಣ್ಣ ಮೀನೊಂದು ಅದರಡಿ ಸತ್ತು ಒಣಗಿತ್ತು. ಯಮುನೆಯ ಸಣ್ಣ ಮರಳು ಎಷ್ಟು ಗುಡಿಸಿದರೂ ಬರುತ್ತಲೇ ಇತ್ತು. ಒಂದು ಕಾರಿಗೆ ಒಂದು ದಿನ ಹಿಡಿಯಿತು. ಸಂಜೆ ಮುದುಕರು ಹಣ ಎಣಿಸಿ ಕೊಡುವಾಗ ಹುಡುಗ ಅರ್ಧವನ್ನು ಹಿಂದಕ್ಕೆ ಕೊಟ್ಟ. ವ್ಯಾನಿನಲ್ಲಿ ಕುಳಿತ ಮೇಲೆ, "ಅಕ್ಕನ ಬಳೆ ಇನ್ನೂ ಬ್ಯಾಂಕಿನಲ್ಲಿವೆಯಲ್ಲಪ್ಪ" ಎಂದು ನಾವು ಮೆಲ್ಲನೆ ಜ್ಞಾಪಿಸಿದೆವು. "ಅವರ ಮನೆಯಲ್ಲಿ ಕುಳಿತುಕೊಳ್ಳಲು ಒಂದು ಕುರ್ಚಿ ಒಣಗಿಲ್ಲ, ಭಾವ" ಎಂದ. ನಾವು ಮತ್ತೆ ಮಾತಾಡಲಿಲ್ಲ.

ದಿಲ್ಲಿಯ ನಿಜವಾದ ಪರೀಕ್ಷೆ ದೀಪಾವಳಿಯ ಆಸುಪಾಸು. ಹೊಸ ಕಾರು ಕೊಳ್ಳುವವರು, ಹಳೆಯದನ್ನು ಹೊಸದಾಗಿ ಕಾಣಿಸಬೇಕೆನ್ನುವವರು, ಮದುವೆಯ ಮನೆಯವರು — ವರ್ಷದ ಗಳಿಕೆಯ ದೊಡ್ಡ ಪಾಲು ಆ ಒಂದೂವರೆ ತಿಂಗಳಲ್ಲಿ. ಹೊಗೆ ಕವಿಯುವುದೂ ಆಗಲೇ. ಗಾಳಿ ನಿಂತು, ಹೊಲಗಳ ಕೂಳೆ ಸುಟ್ಟ ಹೊಗೆ, ವಾಹನಗಳ ಹೊಗೆ, ಊರಿನ ಧೂಳು ಎಲ್ಲವೂ ಸೇರಿ ತಲೆಯ ಮೇಲೆ ಮುಚ್ಚಳದಂತೆ ಕೂಡುತ್ತವೆ. 2023ರ ನವೆಂಬರ್ 5, ಭಾನುವಾರ, ವಾಯುಮಾಲಿನ್ಯ ತಡೆಯುವ ಕ್ರಮಗಳಲ್ಲಿ ಕೊನೆಯದಾದ ನಾಲ್ಕನೆಯ ಹಂತವನ್ನು ಜಾರಿಗೆ ತಂದರು. ಅಂದು ನಾವು ವಸಂತಕುಂಜದಲ್ಲಿದ್ದೆವು. ಶನಿವಾರ ಸಂಜೆ ತೊಳೆದಿಟ್ಟ ಕಾರಿನ ಮೇಲೆ ಭಾನುವಾರ ಬೆಳಿಗ್ಗೆ ಬೂದಿ ಬಣ್ಣದ ಜಿಗುಟು ಪೊರೆ. ಇಬ್ಬನಿಯೊಡನೆ ಕಲಸಿ ಹಚ್ಚಿದಂತಿತ್ತು. ಬಿಳಿಯ ಬಟ್ಟೆಯನ್ನು ಒಂದು ಸಲ ಎಳೆದು ನಮಗೆ ತೋರಿಸಿದ. ಅಡಿಗೆಮನೆಯ ಹೊಗೆಗೂಡು ಒರೆಸಿದ ಹಾಗೆ ಕಪ್ಪು. "ಇದು ಹನ್ನೆರಡು ಗಂಟೆಯದು" ಎಂದು ಹೇಳಿ ಕೆಮ್ಮಿದ.

ಆ ಕೆಮ್ಮು ಮಾಘಮಾಸದವರೆಗೂ ಬಿಡಲಿಲ್ಲ. ಮುಖಕ್ಕೆ ಕವಚ ಹಾಕಿಕೊಳ್ಳುತ್ತಾನೆ. ಆದರೆ ಬಗ್ಗಿ ಉಜ್ಜುವಾಗ ಉಸಿರು ಕಟ್ಟುತ್ತದೆಂದು ಕೆಳಗೆ ಸರಿಸುತ್ತಾನೆ. ಜನವರಿಯ ಮಂಜಿನಲ್ಲಿ ಎದುರಿನ ಮನೆ ಕಾಣದ ಹೊತ್ತಿನಲ್ಲಿ ಐಸಿನಂಥ ನೀರಿಗೆ ಕೈಯಿಟ್ಟು ಬೆರಳುಗಳು ಕೆಂಪಾಗಿ ಊದಿಕೊಂಡವು. ನಮ್ಮಾಕೆ ರಾತ್ರಿ ಎಳ್ಳೆಣ್ಣೆ ಬಿಸಿಮಾಡಿ ತಮ್ಮನ ಕೈಗೆ ಹಚ್ಚುತ್ತ ಅತ್ತದ್ದುಂಟು. "ನೀನು ಬೆಂಗಳೂರಿಗಾದರೂ ಹೋಗು. ಅಲ್ಲಿ ಗಾಳಿ ಇದೆ, ನಮ್ಮ ಜನ ಇದ್ದಾರೆ" ಎಂದು ನಾವಿಬ್ಬರೂ ಹೇಳಿದೆವು. ಯೋಚಿಸುತ್ತೇನೆ ಎಂದ. ಯೋಚಿಸುತ್ತಿರುವಾಗಲೇ 2024ರ ಮಾರ್ಚಿಯಲ್ಲಿ ಬೆಂಗಳೂರಿನಲ್ಲಿ ನೀರಿಗೆ ಹಾಹಾಕಾರವಾಗಿ, ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡವೆಂದು ಅಲ್ಲಿಯ ಜಲಮಂಡಳಿ ಸಾರಿತು. ಹುಡುಗ ಪತ್ರಿಕೆಯನ್ನು ಮಡಿಸಿ ನಮ್ಮ ಮುಂದಿಟ್ಟು ನಕ್ಕ.

ನಗು ಬಹಳ ದಿನ ಉಳಿಯಲಿಲ್ಲ. ಮೇ 29ಕ್ಕೆ ದಿಲ್ಲಿಯಲ್ಲೂ ಆಜ್ಞೆ ಹೊರಟಿತು: ಕೊಳವೆ ಹಿಡಿದು ಕಾರು ತೊಳೆಯುವವರಿಗೆ 2,000 ರೂಪಾಯಿ ದಂಡ, ಹಿಡಿಯಲು 200 ತಂಡಗಳು. ಅದೇ ದಿನ ಮುಂಗೇಶಪುರದ ಉಷ್ಣಮಾಪಕ 52.9 ಡಿಗ್ರಿ ತೋರಿಸಿ ದೇಶವೇ ಬೆರಗಾಯಿತು. ಅದು 3 ಡಿಗ್ರಿ ಹೆಚ್ಚು ತೋರಿಸಿತ್ತೆಂದು ಹವಾಮಾನ ಇಲಾಖೆ ಆಮೇಲೆ ತಿಳಿಸಿತು. ಮೂರು ಕಳೆದರೂ ಉಳಿಯುವುದು ಐವತ್ತರ ಹತ್ತಿರವೇ. ಬೆಂದವರಿಗೆ ಅದರಿಂದ ತಂಪೇನೂ ಆಗಲಿಲ್ಲ.

ಅಂದು ರಾತ್ರಿ ಹುಡುಗ ನಮ್ಮ ಮನೆಯಲ್ಲಿ ಊಟ ಮಾಡದೆ ಕುಳಿತ. ಕೆಳಗಿನ ಬೀದಿಯಲ್ಲಿ ಟ್ಯಾಂಕರಿನ ಮುಂದೆ ಹೆಂಗಸರು ಕೊಡ ಹಿಡಿದು ಸಾಲು ನಿಂತಿದ್ದರು. "ದಂಡದ ಭಯವಲ್ಲ, ಭಾವ. ಆ ಸಾಲಿನ ಪಕ್ಕದಲ್ಲಿ ನಿಂತು ನಾನು ನೀರು ಚಿಮ್ಮಿಸುವುದು ಹೇಗೆ?" ಎಂದ. ಪಂಪಿಗೆ ಬಟ್ಟೆ ಸುತ್ತಿ ಒಳಗಿಟ್ಟ. ಎರಡು ವಾರ ಗಾಡಿ ಹೊರಡಲಿಲ್ಲ.

ಆ ಎರಡು ವಾರದಲ್ಲಿ ಅವನು ತನ್ನ ವೃತ್ತಿಯನ್ನೇ ತಿರುಗಿಸಿ ಕಲಿತ. ಬಕೀಟಿನಲ್ಲಿ ಸ್ವಲ್ಪ ದ್ರವ ಕಲಸಿದ ನೀರು. ಅದು ಧೂಳಿನ ಕಣವನ್ನು ಸುತ್ತಿ ಜಾರಿಸುತ್ತದೆ, ಮತ್ತೆ ಜಾಲಿಸಬೇಕಾಗಿಲ್ಲ. ಹತ್ತು ಹನ್ನೆರಡು ಬಟ್ಟೆ ನೆನೆಹಾಕಿ, ಒಂದು ಬಟ್ಟೆಯ ಒಂದು ಮಗ್ಗುಲಿನಲ್ಲಿ ಒಂದೇ ಸಲ ಎಳೆದು, ಮಡಿಕೆ ತಿರುಗಿಸಿ, ಮತ್ತೊಂದು. ಮೊದಲು ಎಂಟು ಹತ್ತು ಬಕೀಟು ಬೇಕಾಗುತ್ತಿದ್ದ ಕಾರಿಗೆ ಈಗ ಒಂದು ಬಕೀಟೂ ಪೂರ್ತಿ ಬೇಡ. ಆ ಒಂದು ಬಕೀಟನ್ನೂ ನಲ್ಲಿಯಿಂದ ತುಂಬುವುದಿಲ್ಲ. ಹವಾನಿಯಂತ್ರಕಗಳಿಂದ ತೊಟ್ಟಿಕ್ಕುವ ನೀರಿನಲ್ಲಿ ಲವಣವಿಲ್ಲ, ಒಣಗಿದರೆ ಬಿಳಿಯ ಚುಕ್ಕೆ ಬೀಳುವುದಿಲ್ಲ. ಗಿರಾಕಿಗಳ ಮನೆಯಲ್ಲೇ ಡಬ್ಬಿ ಇಡಿಸಿ ಅದನ್ನು ಕೂಡಿಸಿದ. ಒಣಗಾಳಿಯ ದಿನಗಳಲ್ಲಿ ಅದು ತೊಟ್ಟು ತೊಟ್ಟು, ಮಳೆ ಬಂದು ಗಾಳಿ ಹಸಿಯಾದ ಮೇಲೆ ಧಾರೆ. ಕುಡಿಯುವ ನೀರು ಶುದ್ಧಿಮಾಡುವ ಯಂತ್ರ ಹೊರಗೆ ಬಿಡುವ ಗಡಸು ನೀರು ಚಕ್ರಕ್ಕೂ ಕಾಲೊರಸಿಗೂ ಆಯಿತು.

ಕಾಲೊನಿಗಳಲ್ಲಿ ತಿಂಗಳ ಲೆಕ್ಕದಲ್ಲಿ ದಿನಾ ಕಾರು ಒರೆಸುವವರಿದ್ದಾರೆ. ಒಂದು ಬಕೀಟು, ಒಂದು ಚಿಂದಿ, ಹದಿನೈದು ಕಾರು. ದಂಡದ ಸುದ್ದಿಗೆ ಅವರೂ ಕಂಗಾಲಾಗಿದ್ದರು. ಹುಡುಗ ಅವರಲ್ಲಿ ಇಬ್ಬರನ್ನು ಕರೆದು ಈ ಹೊಸ ರೀತಿಯನ್ನು ಕಲಿಸಿದ. ಹಬ್ಬದ ದಿನಗಳಲ್ಲಿ ಅವರು ಇವನ ಜೊತೆ ಕೂಲಿಗೆ ಬರುತ್ತಾರೆ. ಅವರ ತಿಂಗಳ ಗಿರಾಕಿಗಳನ್ನು ಇವನು ಮುಟ್ಟುವುದಿಲ್ಲ. ಬರೆದ ಕರಾರಿಲ್ಲ, ನಡೆದುಕೊಂಡು ಬಂದಿದೆ.

ಮಳೆ ಹಿಂದೆ ಸರಿದು ಆಕಾಶ ತೊಳೆದಿಟ್ಟಂತಾದಾಗ ಬಂತು 2024ರ ದಸರೆ. ಆ ಬಾರಿ ಮಾವನವರು ಹತ್ತು ದಿನಕ್ಕೆಂದು ದಿಲ್ಲಿಗೆ ಬಂದರು. ನಾವು ಕೆಂಪುಕೋಟೆ, ಕುತುಬ್ ಮಿನಾರುಗಳನ್ನು ತೋರಿಸುತ್ತ ದಿನ ದೂಡಿದೆವು. ಅವರು ನೋಡಬೇಕೆಂದದ್ದು ಮಗನ 'ವ್ಯವಹಾರ'. ಅಕ್ಟೋಬರ್ 11, ಶುಕ್ರವಾರ, ಆಯುಧಪೂಜೆ. ಇಲ್ಲಿಯವರಿಗೆ ವಿಜಯದಶಮಿಯ ರಾವಣದಹನ ದೊಡ್ಡದು. ವಾಹನಕ್ಕೆ ನಿಂಬೆಹಣ್ಣು, ಬೂದುಗುಂಬಳದ ಸಂಭ್ರಮ ನಮ್ಮ ಕಡೆಯವರದೇ. ಪ್ರತಿ ವರ್ಷ ಆ ಬೆಳಿಗ್ಗೆ ಅಕ್ಕಪಕ್ಕದ ಕನ್ನಡದ ಮನೆಗಳ ಕಾರು, ಸ್ಕೂಟರುಗಳು ನಮ್ಮ ಬಿಡಾರದ ಮುಂದಿನ ರಸ್ತೆಗೆ ಬರುತ್ತವೆ. ಇನ್ನು ಮುಚ್ಚಿಡುವುದು ಸಾಧ್ಯವಿರಲಿಲ್ಲ. ಕಚೇರಿಗೆ ರಜೆ ಬರೆದು, ಎದೆ ಡವಗುಟ್ಟುತ್ತ ಬಾಲ್ಕನಿಯಲ್ಲಿ ನಿಂತೆವು.

ಮಾವನವರು ಬಿಳಿಯ ಪಂಚೆ, ಕೋಟು ತೊಟ್ಟು ಕೆಳಗಿಳಿದರು. ಹುಡುಗ ಪ್ಯಾಂಟು ಮಡಿಸಿ, ಕುಕ್ಕರುಗಾಲಿನಲ್ಲಿ ಕುಳಿತು ಒಂದು ಕಾರಿನ ಚಕ್ರ ಉಜ್ಜುತ್ತಿದ್ದ. ತಂದೆಯನ್ನು ಕಂಡು ಏಳಲಿಲ್ಲ, ಕೈಯೂ ನಿಲ್ಲಲಿಲ್ಲ. ಮಾವನವರು ಸಾಲಿನ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನಿಧಾನವಾಗಿ ನಡೆದರು. ನಂತರ ಮುಗಿಸಿಟ್ಟ ಒಂದು ಕಾರಿನ ಬಳಿ ಬಗ್ಗಿ, ಚಕ್ರದ ಮೇಲಿನ ಕಮಾನಿನ ಒಳಕ್ಕೆ ಬೆರಳು ಹಾಕಿ ಎಳೆದು, ಆ ಬೆರಳನ್ನು ಮಗನ ಮುಖದ ಮುಂದೆ ಹಿಡಿದರು. ತುದಿಯಲ್ಲಿ ಕಪ್ಪು ಮಣ್ಣು.

"ಇದನ್ನ ಯಾರ ಪಾಲಿಗೆ ಬಿಟ್ಟೀಯೋ?"

ಹುಡುಗ ಬಟ್ಟೆ ತೆಗೆದುಕೊಂಡು ಹೋಗಿ ಆ ಕಮಾನನ್ನು ಒರೆಸಿದ. ಮಾವನವರು ಕೋಟು ಬಿಚ್ಚಿ ಮೊಮ್ಮಗನ ಕೈಗೆ ಕೊಟ್ಟು, ಒಣಗಿದ ಬಟ್ಟೆಗಳನ್ನು ಒಂದೊಂದಾಗಿ ಅಂಚಿಗೆ ಅಂಚು ಕೂಡಿಸಿ ಮಡಿಸುತ್ತ ಕುಳಿತರು. ಹತ್ತೂವರೆಗೆ ಪೂಜೆ. ಮೊದಲ ಕುಂಕುಮ ವ್ಯಾನಿಗೆ; ಆಮೇಲೆ ಪಂಪಿಗೆ, ಎರಡು ಬಕೀಟಿಗೆ, ಮಡಿಸಿಟ್ಟ ಬಟ್ಟೆಯ ಗಂಟಿಗೆ. ಆರತಿ ಎತ್ತಿದ ನಮ್ಮಾಕೆಯ ಕೈಯಲ್ಲಿ ಹಿಂದಿನ ತಿಂಗಳಷ್ಟೇ ಬ್ಯಾಂಕಿನಿಂದ ಬಂದ ಬಳೆಗಳಿದ್ದವು.

ಬೆಂಗಳೂರಿಗೆ ಹೋಗುವ ಮಾತು ಈಗ ನಿಂತಿದೆ. ಕೆಮ್ಮು ಮಾತ್ರ ನಿಂತಿಲ್ಲ. ಕಾರ್ತಿಕದಲ್ಲಿ ಮರಳಿ ಬರುತ್ತದೆ, ನಮ್ಮಾಕೆಗೆ ಆ ಚಿಂತೆ ಇದ್ದೇ ಇದೆ. ಹೊಗೆ ಬಹಳವಾದ ದಿನ ಗಾಡಿ ಹೊರಡಿಸಕೂಡದೆಂದು ಕರಾರು ಮಾಡಿದ್ದೇವೆ. ಅವನು ಅದನ್ನು ಅರ್ಧ ಪಾಲಿಸುತ್ತಾನೆ.

ಊರಿಗೆ ಮರಳಿದ ಮೇಲೆ ಒಂದು ಸಂಜೆ ಮಾವನವರು ದೂರವಾಣಿಯಲ್ಲಿ ಮಾತಾಡುತ್ತಿದ್ದಾಗ ಕಟ್ಟೆಯ ಮೇಲೆ ಯಾರೋ ಬಂದು ಮಗನ ವಿಷಯ ಕೇಳಿದ್ದು ನಮಗೂ ಕೇಳಿಸಿತು. ಮಾವನವರು ದನಿ ತಗ್ಗಿಸಲಿಲ್ಲ. "ದಿಲ್ಲಿಯೊಳಗ ಮೋಟಾರು ತೊಳೀತಾನ. ಚಲೋ ತೊಳೀತಾನ. ಚಕ್ರದ ಒಳಗಿಂದು ಮಾತ್ರ ಇನ್ನೂ ಅಷ್ಟು ಬರೋದಿಲ್ಲ" ಎಂದರು.

ಸಂಘದ ಮಿತ್ರರಿಗೆ ಇಷ್ಟು ವರ್ಷ ನಾವು ಅರ್ಧ ಉತ್ತರ ಕೊಟ್ಟಿದ್ದೆವು. ಉಳಿದ ಅರ್ಧವನ್ನು ಇಲ್ಲಿ ಬರೆದಿದ್ದೇವೆ.